ತಕ್ಕಡಿ ಹತ್ತದ ಮಕ್ಕಳು

ನಾನು ಓದು ನಿಲ್ಲಿಸಿದ್ದು 1985ರಲ್ಲಿ, ಹತ್ತನೇ ತರಗತಿಯ ದಸರಾ ರಜೆಗೆ ಮುಂಚೆ. ಯಾರೂ ಬಿಡಿಸಲಿಲ್ಲ. ಅಪ್ಪನದು ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ. ಬೆಳಗಿನ ಜಾವ ಮೂಟೆ ಇಳಿಸಿ ಬಂದು ತರಗತಿಯ ಬೆಂಚಿನ ಮೇಲೆ ನಿದ್ದೆ ಹೋಗುವುದು ನನಗೇ ನಾಚಿಕೆ ಅನಿಸಿತು. ಎರಡರಲ್ಲಿ ಒಂದನ್ನಾದರೂ ನೆಟ್ಟಗೆ ಮಾಡೋಣ ಎಂದು ಶಾಲೆ ಬಿಟ್ಟೆ. ಆಮೇಲೆ ಮೂಟೆಯನ್ನೂ ಬಿಟ್ಟೆ, ಅದು ಬೇರೆ ಮಾತು.

ಚಾಮರಾಜಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದೆ. ಇಂಗ್ಲಿಷ್ ತಲೆಗೆ ಹತ್ತುವುದಕ್ಕೆ ಮೊದಲೇ ನನ್ನ ಬೆರಳಿಗೆ ಹತ್ತಿತ್ತು. ಕಂಪ್ಯೂಟರುಗಳು ಬರತೊಡಗಿದಾಗ ಟೈಪಿಂಗ್ ಗೊತ್ತಿದ್ದವರನ್ನು ಡೇಟಾ ಎಂಟ್ರಿಗೆ ಕರೆದರು. ಎಂಟ್ರಿ ಮಾಡುತ್ತಲೇ ಪ್ರೋಗ್ರಾಂ ಬರೆಯುವವರ ಹೆಗಲ ಮೇಲಿಂದ ಇಣುಕಿ ಅಷ್ಟಿಷ್ಟು ಕಲಿತೆ. ಉಳಿದದ್ದನ್ನು ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸಿಕ್ಕ, ರಟ್ಟು ಕಿತ್ತುಹೋದ ಪುಸ್ತಕಗಳಿಂದ ಕಲಿತೆ. 1994ರಲ್ಲಿ ಒಂದು ಹಳೆಯ ಕಂಪ್ಯೂಟರ್ ಕೊಂಡು, ನಮ್ಮ ವಠಾರದ ಎದುರಿಗೆ ಒಂದು ಕೋಣೆ ಹಿಡಿದು ಬೋರ್ಡು ಹಾಕಿದೆ. ಬೋರ್ಡಿನಲ್ಲಿ ನನ್ನ ಓದಿನ ಬಗ್ಗೆ ಏನೂ ಬರೆಸಲಿಲ್ಲ. ಕೇಳಿದವರಿಗೆ ಹೇಳುತ್ತಿದ್ದೆ, ಮುಚ್ಚಿಡುತ್ತಿರಲಿಲ್ಲ. ಕೇಳಿದ ಮೇಲೆ ಎದ್ದು ಹೋದವರೂ ಇದ್ದಾರೆ.

ಹೋಗದವರಲ್ಲಿ ಒಬ್ಬರು ನಮ್ಮ ಬೀದಿಯಾಚೆಯ ಮಕ್ಕಳ ಚಿಕಿತ್ಸಾಲಯದ ಡಾಕ್ಟರಮ್ಮ. ಅದನ್ನು ಒಂದು ಟ್ರಸ್ಟು ನಡೆಸುತ್ತಿತ್ತು. ಅಲ್ಲಿಂದ ಒಬ್ಬ ನರ್ಸಮ್ಮ ಪ್ರತಿ ತಿಂಗಳೂ ಸುತ್ತಮುತ್ತಲಿನ ವಠಾರಗಳಿಗೆ ಹೋಗಿ, ಮೂರು ವರ್ಷದೊಳಗಿನ ಮಕ್ಕಳ ತೂಕ ನೋಡಿ ಕಾರ್ಡಿನಲ್ಲಿ ಬರೆಯುತ್ತಿದ್ದರು. ಆರು ತಿಂಗಳು ತುಂಬಿದ ಮಕ್ಕಳಿಗೆ ಹುರಿದ ರಾಗಿಹಿಟ್ಟಿನ ಪೊಟ್ಟಣ ಕೊಟ್ಟುಬರುತ್ತಿದ್ದರು. ಬಾಗಿಲ ಮೇಲಿನ ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಅದಕ್ಕೆ ಬಟ್ಟೆಯ ಜೋಳಿಗೆ ಕಟ್ಟಿ ಮಗುವನ್ನು ಕೂರಿಸುವುದು. ನರ್ಸಮ್ಮನಿಗೆ ಐವತ್ತರ ಹತ್ತಿರ. ಗಂಡನಿಲ್ಲ, ಮಕ್ಕಳಿಲ್ಲ. ದನಿ ಮಾತ್ರ ಬೀದಿ ತುದಿಗೆ ಕೇಳಿಸುವಂಥದು. 1997ರಲ್ಲಿ ಆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ, ಯಾವ ವಯಸ್ಸಿಗೆ ಸರಾಸರಿ ಎಷ್ಟು ತೂಕ ಎಂದು ತೆಗೆದುಕೊಡುವ ಕೆಲಸ ನನಗೆ ಬಂತು.

ಕಾರ್ಡಿನ ಕಟ್ಟುಗಳನ್ನು ನನ್ನ ಮೇಜಿನ ಮೇಲೆ ಧೊಪ್ಪೆಂದು ಹಾಕಿ ನರ್ಸಮ್ಮ ಹೇಳಿದ್ದರು:

"ತಗೊಳಪ್ಪ ಕಂಪ್ಯೂಟರ್ ರಾಯ. ನಾನು ಬಿಸಿಲಲ್ಲಿ ಅಲೆದು ಬರ್ಕೊಂಡು ಬಂದಿರೋದು. ನೀನು ಫ್ಯಾನ್ ಕೆಳಗೆ ಕೂತು ಕೆಡಿಸ್ಬೇಡ."

"ನನ್ನ ಫ್ಯಾನ್ ಕೆಟ್ಟಿದೆ ನರ್ಸಮ್ಮ."

"ಹಂಗಾದ್ರೆ ಸರಿ, ಕೆಲಸ ಚೆನ್ನಾಗಿ ಮಾಡ್ತೀಯ."

ಕಾರ್ಡಿನಲ್ಲಿ ಹೆಸರಿರಲಿಲ್ಲ, ನಂಬರ್ ಮಾತ್ರ. ನಾನು ಪ್ರೋಗ್ರಾಮನ್ನು ಜೋಪಾನವಾಗಿ ಬರೆದೆ. ಏಳೂವರೆ ಕಿಲೋ ಹೊಡೆಯುವಾಗ ಚುಕ್ಕೆ ತಪ್ಪಿದರೆ ಎಪ್ಪತ್ತೈದು ಆಗುತ್ತದೆ. ಅದಕ್ಕೇ ಇಪ್ಪತ್ತೈದು ದಾಟಿದರೆ ಯಂತ್ರ ಕೂಗುವಂತೆ ಮಾಡಿದ್ದೆ. ತಪ್ಪು ಅಂಕಿ ಹೀಗೆ ಸಿಕ್ಕಿಬೀಳುತ್ತದೆ, ಅದು ಎದ್ದು ಕಾಣುತ್ತದೆ. ಆದರೆ ಕೆಲವು ಕಡೆ ನರ್ಸಮ್ಮ ತೂಕ ಬರೆಯದೆ ಒಂದು ಅಡ್ಡಗೆರೆ ಎಳೆದುಬಿಟ್ಟಿದ್ದರು. ಆಗಿನ ಡೇಟಾಬೇಸಿನಲ್ಲಿ ಒಂದು ಕಾಲಂ ಅಂಕಿಯದು ಎಂದು ಒಮ್ಮೆ ಹೇಳಿದರೆ ಮುಗಿಯಿತು. ಅಲ್ಲಿ ಗೆರೆ ಎಳೆಯುವ ಹಾಗಿಲ್ಲ, ಅಕ್ಷರ ಬರೆಯುವ ಹಾಗಿಲ್ಲ. ಏನೂ ಹೊಡೆಯದೆ ಮುಂದೆ ಹೋದರೆ ಪರದೆಯ ಮೇಲೇನೋ ಖಾಲಿಯಾಗಿ ಕಾಣುತ್ತಿತ್ತು. ಸರಾಸರಿ ತೆಗೆ ಎಂದಾಗ ಮಾತ್ರ ಯಂತ್ರ ಅದನ್ನು ಸೊನ್ನೆ ಎಂದೇ ಹಿಡಿಯುತ್ತಿತ್ತು, ಅದು ನನಗೆ ಆಗ ಹೊಳೆಯಲಿಲ್ಲ. ಎಂಟು ಕಿಲೋದ ಎರಡು ಮಕ್ಕಳ ಜೊತೆ ಒಂದು ಅಡ್ಡಗೆರೆ ಸೇರಿದರೆ ಮೂರು ಮಕ್ಕಳ ಸರಾಸರಿ ಐದೂ ಚಿಲ್ಲರೆಗೆ ಇಳಿಯುತ್ತಿತ್ತು.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಿಂದ ಮೊದಲ ನಕ್ಷೆ ಹೊರಬಂದ ವಾರ ನನ್ನನ್ನು ಚಿಕಿತ್ಸಾಲಯಕ್ಕೆ ಕರೆಸಿದರು. ಡಾಕ್ಟರಮ್ಮನ ಎದುರಿಗೆ ಟ್ರಸ್ಟಿನ ಕಾರ್ಯದರ್ಶಿ ಕೂತಿದ್ದರು. ನಿವೃತ್ತ ಹೆಡ್ಮಾಸ್ತರು, ಇಸ್ತ್ರಿ ಮುರಿಯದ ಬಿಳಿ ಶರಟು. ಗೋಡೆಗೆ ಒರಗಿ ನರ್ಸಮ್ಮ ನಿಂತಿದ್ದರು. ನಕ್ಷೆಯಲ್ಲಿ ಮಕ್ಕಳ ತೂಕ ಆರು ತಿಂಗಳವರೆಗೆ ಚೆನ್ನಾಗಿ ಏರುತ್ತಿತ್ತು. ಅಲ್ಲಿಂದಾಚೆಗೆ ಕುಸಿಯುತ್ತಿತ್ತು. ಹತ್ತು ತಿಂಗಳ ಮಕ್ಕಳು ಎಂಟು ತಿಂಗಳ ಮಕ್ಕಳಿಗಿಂತ ಹಗುರ.

"ಯಾವಾಗಿಂದ ಹಿಟ್ಟು ಕೊಡ್ತೀವೋ ಅವಾಗಿಂದ ಮಕ್ಕಳು ಇಳೀತಿದಾರೆ," ಎಂದರು ಕಾರ್ಯದರ್ಶಿ. "ಅಂದ್ರೆ ಏನರ್ಥ? ಹಿಟ್ಟು ಮನೆ ಸೇರ್ತಿಲ್ಲ. ಇವರು ಮನೆಮನೆಗೆ ಹೋಗ್ತಿಲ್ಲ. ಈ ಅಡ್ಡಗೆರೆಗಳೇ ಸಾಕ್ಷಿ."

"ಹೋಗಿದೀನಿ ಸಾರ್. ಕೆಲವು ಮನೇಲಿ ಮಗೂನ ಕೊಡಲ್ಲ."

"ಯಾಕೆ ಕೊಡಲ್ಲ?"

"ಒಂದು ಮನೇಲಿ ಮಗು ಮಲಗಿದೆ ಅಂತಾರೆ. ಇನ್ನೊಂದು ಮನೇಲಿ ಮಂಗಳವಾರ ಅಂತಾರೆ. ಈಗ ತಾನೇ ಉಣ್ಸಿದೀವಿ, ಜೋಳಿಗೆ ಮೈಲಿಗೆ, ನೆಂಟರು ಬಂದಿದಾರೆ. ನಾನೇನ್ ಕಿತ್ಕೊಂಡ್ ಬರ್ಲಾ?"

"ಪ್ರತಿ ತಿಂಗಳೂ ನೆಂಟರು ಬರ್ತಾರೇನಮ್ಮ?"

ನರ್ಸಮ್ಮ ಮುಖ ಗಟ್ಟಿ ಮಾಡಿದರು. "ಹೋಗಿ ನೋಡ್ಕೊಂಡ್ ಬನ್ನಿ ಸಾರ್. ತಕ್ಕಡಿ ನಾನೇ ಹಿಡ್ಕೊಂಡ್ ಬರ್ತೀನಿ, ನೀವು ಬಾಗಿಲು ತಟ್ಟಿ." ಅಷ್ಟು ಹೇಳಿ ಹೊರಗೆ ಹೋದರು.

ಕಾರ್ಯದರ್ಶಿಗಳು ಕೆಟ್ಟವರಲ್ಲ. ಹಿಟ್ಟಿಗೆಂದು ಮನೆಮನೆ ತಿರುಗಿ ಚಂದಾ ಎತ್ತುತ್ತಿದ್ದವರು ಅವರೇ. ಮುಂದಿನ ತಿಂಗಳ ಸಮಿತಿ ಸಭೆಯಲ್ಲಿ ನರ್ಸಮ್ಮನನ್ನು ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನ ಎಂದರು. ಅವರು ಹೋದ ಮೇಲೆ ಡಾಕ್ಟರಮ್ಮ ನಕ್ಷೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡಿ ಇವ್ರೇ, ಆಯಮ್ಮನಿಗೆ ಈ ಕೆಲಸ ಬಿಟ್ರೆ ಬೇರೆ ಇಲ್ಲ. ತಪ್ಪು ಮಾಡಿದ್ರೆ ನಾನು ಅಡ್ಡ ಬರಲ್ಲ. ಆದ್ರೆ ಈ ಇಳಿಯೋ ಗೆರೆ ನಿಜವಾ ಅಂತ ನನಗೆ ಗೊತ್ತಾಗ್ಬೇಕು. ಅಡ್ಡಗೆರೆ ಇರೋ ಕಡೆಯೆಲ್ಲ ನಿಮ್ಮ ಯಂತ್ರ ಸೊನ್ನೆ ಹಿಡಿದಿರೋ ಹಾಗಿದೆ. ಸೊನ್ನೆ ಕಿಲೋ ಮಗು ಎಲ್ಲಿರುತ್ತೆ ಹೇಳಿ?"

ಕೋಣೆಗೆ ಬಂದು ಸೊನ್ನೆಗಳನ್ನು ಲೆಕ್ಕದಿಂದ ಹೊರಗಿಡುವ ಒಂದು ಸಾಲು ಸೇರಿಸಿದೆ. ಆ ಒಂದು ಸಾಲಿನಿಂದ ಗೆರೆ ಮೇಲಕ್ಕೆ ಬಂತು. ಆದರೆ ಪೂರ್ತಿ ಅಲ್ಲ. ಹಳ್ಳ ಸಣ್ಣದಾಯಿತು, ಇಲ್ಲವಾಗಲಿಲ್ಲ. ಹತ್ತು ತಿಂಗಳ ಮಕ್ಕಳು ಇನ್ನೂ ಹಗುರವಾಗಿಯೇ ಇದ್ದರು.

ಖಾಲಿ ಜಾಗಗಳನ್ನು ಏನಾದರೂ ಹಾಕಿ ತುಂಬಿಸಿದರೆ ಹೇಗೆ ಎಂದು ನೋಡಿದೆ. ಆ ವಯಸ್ಸಿನ ಉಳಿದ ಮಕ್ಕಳ ಸರಾಸರಿಯನ್ನೇ ಖಾಲಿ ಇದ್ದವರಿಗೂ ಹಂಚಿದೆ. ಗೆರೆ ಕೂದಲೆಳೆಯಷ್ಟೂ ಅಲುಗಲಿಲ್ಲ. ಇದ್ದ ಸರಾಸರಿಗೆ ಅದೇ ಸರಾಸರಿ ಸೇರಿಸಿದರೆ ಇನ್ನೇನಾದೀತು. ಆಮೇಲೆ ಪ್ರತಿ ಮಗುವಿಗೂ ಅದರ ಹಿಂದಿನ ತಿಂಗಳ ತೂಕವನ್ನೇ ಮುಂದಕ್ಕೆ ಎಳೆದೆ. ಮಕ್ಕಳು ಬೆಳೆಯುವುದನ್ನೇ ನಿಲ್ಲಿಸಿಬಿಟ್ಟರು. ತಿಂಗಳು ತಿಂಗಳಿಗೂ ಅದೇ ಏಳೂವರೆ, ಅದೇ ಏಳೂವರೆ. ಎರಡನ್ನೂ ಪ್ರಿಂಟು ಹಾಕಿ ಡಾಕ್ಟರಮ್ಮನಿಗೆ ತೋರಿಸಿದೆ.

"ತುಂಬ್ಸೋದು ಸುಲಭ," ಎಂದರು ಅವರು. "ಆದ್ರೆ ಇದು ನೀವು ಹುಟ್ಟಿಸಿದ ತೂಕ, ಮಗೂದಲ್ಲ. ಎಷ್ಟು ಖಾಲಿ ಇದೆ ಅನ್ನೋದನ್ನ ಬಿಡಿ. ಯಾರ್ದು ಖಾಲಿ ಇದೆ ಅಂತ ಗೊತ್ತಾ?"

ಗೊತ್ತಿರಲಿಲ್ಲ. ಮಲಗಿದ್ದ ಮಕ್ಕಳು, ಮಂಗಳವಾರದ ಮಕ್ಕಳು, ನೆಂಟರು ಬಂದ ಮನೆಯ ಮಕ್ಕಳು. ಅದರಲ್ಲಿ ಒಂದು ಕ್ರಮ ಇದ್ದಂತೆ ನನಗೆ ಕಾಣಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ನಾನು ಮನೆಯಲ್ಲಿ ಹೆಂಡತಿ ಬಡಿಸಿದ ಇಡ್ಲಿ ತಿನ್ನುತ್ತಿದ್ದಾಗ ನರ್ಸಮ್ಮ ನಮ್ಮ ವಠಾರಕ್ಕೆ ಬಂದರು. ಆಗ ನನ್ನ ಮಗಳಿಗೆ ಹತ್ತು ತಿಂಗಳು. ಹುಟ್ಟಿದಾಗ ಇಲಿಮರಿಯ ಹಾಗಿದ್ದವಳು, ಅಷ್ಟರಲ್ಲಿ ಕೈಕಾಲಿನಲ್ಲಿ ಮಡಿಕೆ ಮಡಿಕೆ ಬಿದ್ದು ತುಂಬಿಕೊಂಡಿದ್ದಳು. ಅಮ್ಮ ಅವಳನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲಿ ನಿಂತರು.

"ಮಗೂಗೆ ಯಾಕೋ ನೆಗಡಿ ಕಣಮ್ಮ. ಇವತ್ತು ಬೇಡ."

"ಹೋದ ತಿಂಗ್ಳೂ ನೆಗಡಿ ಅಂದ್ರಿ ಅಜ್ಜಿ."

"ಮಕ್ಕಳಿಗೆ ನೆಗಡಿ ಆಗದೆ ನಿನಗೆ ಆಗುತ್ತಾ? ಮುಂದಿನ ತಿಂಗಳು ಬಾ."

ನರ್ಸಮ್ಮ ಒಳಗೆ ಕೂತಿದ್ದ ನನ್ನನ್ನು ನೋಡಿದರು. "ಏನಪ್ಪ ರಾಯ, ನಿನ್ನ ಮನೇದೂ ಅಡ್ಡಗೆರೆನೇ. ನೀನೇ ಹೊಡ್ಕೋ," ಎಂದು ಪಕ್ಕದ ಮನೆಗೆ ಹೋದರು.

ಮಗಳ ಮೂಗು ಒಣಗಿತ್ತು. "ಎಲ್ಲಮ್ಮ ನೆಗಡಿ?" ಎಂದೆ.

ಅಮ್ಮ ಮೊದಲು ಬಾಗಿಲು ಮುಂದೆ ಮಾಡಿದರು. ಆಮೇಲೆ ದನಿ ತಗ್ಗಿಸಿದರು. "ಮೈ ತುಂಬ್ಕೊಂಡಿರೋ ಮಗೂನ ಯಾರಾದ್ರೂ ತಕ್ಕಡಿಗೆ ಹಾಕ್ತಾರೇನೋ? ಬಾಗಿಲಲ್ಲಿ ನೇತಾಕಿ, ಇಷ್ಟು ಕಿಲೋ ಅಂತ ವಠಾರಕ್ಕೆಲ್ಲ ಕೇಳೋ ಹಂಗೆ ಕೂಗ್ತಾಳೆ ಅವಳು. ದೃಷ್ಟಿ ಆಗಲ್ವಾ?"

"ಮೊದಲು ನೀನೇ ಕೊಡ್ತಿದ್ದೆಯಲ್ಲ?"

"ಅವಾಗ ಕಡ್ಡಿ ಹಂಗಿದ್ದಳು. ಯಾರು ಕಣ್ಣು ಹಾಕ್ತಾರೆ ಕಡ್ಡಿಗೆ?"

"ಇದನ್ನೇ ನರ್ಸಮ್ಮನಿಗೆ ಹೇಳಬಹುದಿತ್ತಲ್ಲ."

"ಮಗು ಗುಂಡಗಿದೆ, ಅದಕ್ಕೇ ಕೊಡಲ್ಲ ಅಂತ ಬಾಯ್ಬಿಟ್ಟು ಹೇಳ್ಲಾ? ಅದಕ್ಕಿಂತ ತಕ್ಕಡಿಗೆ ಹಾಕೋದೇ ವಾಸಿ. ಯಾವ ಮನೇಲಿ ಹೇಳ್ತಾರೆ ಹೋಗೋ."

ಇಡ್ಲಿ ಬಿಟ್ಟು ಕೈ ತೊಳೆದೆ. ವಠಾರದ ಎಂಟು ಮನೆಯಲ್ಲಿ ಎಂಟು ಅಜ್ಜಿಯರೂ ಇದೇ ಮಾತನ್ನು ಬೇರೆ ಬೇರೆ ನೆಪಗಳಲ್ಲಿ ಹೇಳುತ್ತಿರಬೇಕು. ತಕ್ಕಡಿ ಹತ್ತುವವು ಸೊರಗಿದ ಮಕ್ಕಳು, ಹತ್ತದವು ತುಂಬಿಕೊಂಡ ಮಕ್ಕಳು. ಹಿಟ್ಟು ಮೈಗೆ ಹತ್ತಿದ ಮಗು ಲೆಕ್ಕದಿಂದ ಜಾರಿಹೋಗುತ್ತಿತ್ತು. ಹಾಗಿರುವಾಗ ಉಳಿದವರ ಸರಾಸರಿಯಿಂದ ಅವರ ಜಾಗ ತುಂಬಿಸುವುದೆಂದರೆ ಗುಂಡಗಿನ ಮಕ್ಕಳಿಗೆಲ್ಲ ಕಡ್ಡಿ ಮಕ್ಕಳ ತೂಕ ಹಂಚಿದಂತೆ.

ಆದರೆ ಇದು ನಮ್ಮ ಮನೆಯ ಮಾತು. ಬೇರೆ ಮನೆಗಳಲ್ಲೂ ಹೀಗೆಯೇ ಎಂದು ಸಮಿತಿಯ ಮುಂದೆ ಹೇಗೆ ಹೇಳುವುದು? ಕೋಣೆಗೆ ಹೋಗಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಒಂದು ಮಗುವಿನ ಕಾರ್ಡಿನಲ್ಲಿ ಮೊದಲ ಅಡ್ಡಗೆರೆ ಬೀಳುವುದಕ್ಕೆ ಮುಂಚಿನ ಕೊನೆಯ ತೂಕ ಎಷ್ಟಿತ್ತು ಎಂದು ನೋಡುವುದು, ಅದೇ ವಯಸ್ಸಿನ, ಅಡ್ಡಗೆರೆ ಬೀಳದ ಮಕ್ಕಳ ತೂಕದ ಪಕ್ಕದಲ್ಲಿ ಅದನ್ನು ಇಡುವುದು. ಉತ್ತರ ಬಂತು. ಗೆರೆ ಬಿದ್ದ ಮಕ್ಕಳು ಗೆರೆ ಬೀಳುವುದಕ್ಕೆ ಮುಂಚೆಯೇ ಉಳಿದವರಿಗಿಂತ ತೂಕವಾಗಿದ್ದರು. ಎಲ್ಲರೂ ಅಲ್ಲ, ನಿಜವಾಗಿ ಊರಿಗೆ ಹೋದವರೂ ಇದ್ದರು. ಆದರೆ ಹೆಚ್ಚಿನವರು.

ಡಾಕ್ಟರಮ್ಮ ಆ ಹಾಳೆಯನ್ನು ಎರಡು ಸಲ ಓದಿದರು. "ಚೆನ್ನಾಗಿದೆ. ಆದ್ರೆ ಇದು ಊಹೆಗೆ ಬಲ ಕೊಡುತ್ತೆ ಅಷ್ಟೆ. ಈಗ ಆ ಮಕ್ಕಳು ಎಷ್ಟು ತೂಕ ಇದಾರೆ ಅನ್ನೋದು ಇನ್ನೂ ಗೊತ್ತಿಲ್ಲ. ಅದು ಬೇಕು."

ಅಜ್ಜಿಯರಿಗೆ ಬುದ್ಧಿ ಹೇಳೋಣ ಎಂದು ಯಾರೂ ಅನ್ನಲಿಲ್ಲ. ನನ್ನ ಅಮ್ಮನಿಗೆ ಹೇಳಲು ನನಗೇ ಧೈರ್ಯವಿರಲಿಲ್ಲ. ಆದರೂ ರಾತ್ರಿ ಊಟಕ್ಕೆ ಕೂತಾಗ ವಿಷಯ ಬಿಡಿಸಿ ಹೇಳಿದೆ, ನರ್ಸಮ್ಮನ ಕೆಲಸ ಹೋಗುತ್ತದೆ ಎಂಬುದನ್ನೂ ಸೇರಿಸಿ.

ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಿದರು. "ಅಯ್ಯೋ, ಅವಳ ಹೊಟ್ಟೆ ಮೇಲೆ ಹೊಡೆಯೋದು ಬೇಡಪ್ಪ. ಬೇಕಾದ್ರೆ ನನ್ನ ತೂಕ ನೋಡ್ಕೊಳ್ಲಿ. ನನಗೇನು ದೃಷ್ಟಿ ಆಗೋದಿದೆ?"

ಅಮ್ಮ ಅದನ್ನು ಹೇಳಿದ್ದು ಸುಮ್ಮನೆ, ಮನಸ್ಸು ತಡೆಯದೆ. ಮರುದಿನ ನಾನು ಅದನ್ನು ನರ್ಸಮ್ಮನಿಗೆ ನಗುತ್ತಾ ಹೇಳಿದೆ. ನರ್ಸಮ್ಮ ನಗಲಿಲ್ಲ.

"ಮಗು ಎತ್ಕೊಂಡು ನಿಂತ್ರೆ?" ಎಂದರು.

ಚಿಕಿತ್ಸಾಲಯದಲ್ಲಿ ದೊಡ್ಡವರು ಹತ್ತಿ ನಿಲ್ಲುವ ಒಂದು ಚಪ್ಪಟೆ ತೂಕದ ಯಂತ್ರ ಇತ್ತು. ಅಜ್ಜಿ ಮಗುವನ್ನು ಎತ್ತಿಕೊಂಡು ಅದರ ಮೇಲೆ ನಿಲ್ಲುವುದು, ಆಮೇಲೆ ಮಗುವನ್ನು ಕೊಟ್ಟು ತಾನೊಬ್ಬಳೇ ನಿಲ್ಲುವುದು. ಎರಡು ಅಂಕಿ ಬರೆದುಕೊಂಡು ಬಂದರೆ ಕಳೆಯುವ ಕೆಲಸ ಯಂತ್ರದ್ದು. ಮಗುವಿನ ತೂಕವನ್ನು ಆ ವಠಾರದಲ್ಲಿ ಯಾರೂ ಬಾಯಿಂದ ಹೇಳುವುದಿಲ್ಲ, ಕಾರ್ಡಿನಲ್ಲಿ ಬರೆಯುವುದೂ ಇಲ್ಲ. ಮುಳ್ಳು ಅರ್ಧ ಕಿಲೋ ಆಚೀಚೆ ತೋರಿಸುತ್ತದೆ ಎಂದು ಡಾಕ್ಟರಮ್ಮ ಮೊದಲೇ ಎಚ್ಚರಿಸಿದರು. ಒಂದು ಮಗುವಿನ ಮಟ್ಟಿಗೆ ಅದು ದೊಡ್ಡ ತಪ್ಪು, ಇಷ್ಟು ಮಕ್ಕಳ ಸರಾಸರಿಗೆ ನಡೆದೀತು ಎಂದರು.

ನರ್ಸಮ್ಮ ಆ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಹೊರಟರು. "ಅಜ್ಜಿಯರಿಗೆ ತೂಕ ನೋಡ್ತೀವಿ, ಪುಕ್ಕಟೆ" ಎಂದು ಕೂಗಿದ್ದೇ ತಡ, ಬಾಗಿಲುಗಳು ತೆರೆದವು. ನಮ್ಮ ವಠಾರದಲ್ಲಿ ಅಮ್ಮನೇ ಮೊದಲು ಹತ್ತಿದ್ದು, ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು.

"ಸೀರೆ ತೂಕ ಕಳಿಯಮ್ಮ," ಎಂದರು ಅಮ್ಮ.

"ಆಯ್ತಜ್ಜಿ, ಒಡವೇನೂ ಕಳೀತೀನಿ."

"ಒಡವೆ ಎಲ್ಲಿದೆ? ಎರಡು ಬಳೆ."

ಪಕ್ಕದ ಮನೆಯ ಅಜ್ಜಿ ತನ್ನ ತೂಕ ಕೇಳಿ, "ನಿನ್ನ ಮಷಿನ್ ಸುಳ್ಳು ಹೇಳ್ತದೆ," ಎಂದು ಇಳಿದು ಮತ್ತೆ ಹತ್ತಿದರಂತೆ. ಏಕಾದಶಿಯ ಮರುದಿನ ಬಾ, ಆಗ ಸರಿಯಾಗಿ ತೋರಿಸುತ್ತೆ ಎಂದರಂತೆ.

ಆ ಅಂಕಿಗಳನ್ನು ನಾನು ಹೊಡೆದೆ. ಒಂದು ಮಗು ಮೈನಸ್ ಏಳು ಕಿಲೋ ಬಂತು. ನಾನು ಕುರ್ಚಿಯಲ್ಲೇ ನಗಾಡಿದೆ. ಆಮೇಲೆ ತಿಳಿಯಿತು, ಆ ಮನೆಯಲ್ಲಿ ಮಗು ಎತ್ತಿಕೊಂಡು ನಿಂತವಳು ಸೊಸೆ, ಒಂಟಿಯಾಗಿ ನಿಂತವರು ಅತ್ತೆ. ಅತ್ತೆಗೆ ತನ್ನ ತೂಕ ನೋಡಿಕೊಳ್ಳುವ ಆಸೆ, ಸೊಸೆ ಬಿಟ್ಟುಕೊಟ್ಟಿದ್ದಳು. ಅತ್ತೆ ತೆಳ್ಳಗಿದ್ದ ಇನ್ನೊಂದು ಮನೆಯಲ್ಲಿ ಇದೇ ಅದಲುಬದಲಿಗೆ ಹದಿನಾರು ಕಿಲೋದ ಹಸುಗೂಸು ಬಂದಿತ್ತು. ಇಪ್ಪತ್ತೈದರ ನನ್ನ ಕಾವಲಿನ ಅಡಿಯಿಂದ ಅದು ನುಸುಳಿಬಿಟ್ಟಿತ್ತು. ಮೈನಸ್ ಬಂದಿರದಿದ್ದರೆ ಅದನ್ನು ನಾನು ಹುಡುಕುತ್ತಲೂ ಇರಲಿಲ್ಲ. ಅಂದಿನಿಂದ ಒಂದೊಂದು ವಯಸ್ಸಿಗೆ ಒಂದೊಂದು ಮೇಲ್ಮಿತಿ, ಕೆಳಮಿತಿ ಕಟ್ಟಿದೆ. ಎರಡು ಸಲವೂ ನಿಂತವರು ಒಬ್ಬರೇನಾ ಎಂದು ಕೇಳುವ ಒಂದು ಪ್ರಶ್ನೆ ಸೇರಿಸಿದೆ. ಮುಖ್ಯವಾಗಿ, ತೂಕದ ಪಕ್ಕದಲ್ಲಿ ಒಂದು ಅಕ್ಷರದ ಹೊಸ ಕಾಲಂ ಮಾಡಿದೆ. ತೂಕ ಇಲ್ಲದಿದ್ದರೆ ಯಾಕಿಲ್ಲ ಎಂದು ಅಲ್ಲಿ ಹೊಡೆಯಲೇಬೇಕು, ಕಾರಣಕ್ಕೊಂದು ಅಕ್ಷರ: ಊರಲ್ಲಿಲ್ಲ, ಕೊಡಲಿಲ್ಲ, ತಕ್ಕಡಿ ಕೆಟ್ಟಿತ್ತು. ಅದನ್ನು ಹೊಡೆಯದೆ ಮುಂದಿನ ಕಾರ್ಡಿಗೆ ಹೋಗಲು ಯಂತ್ರ ಬಿಡುತ್ತಿರಲಿಲ್ಲ.

ಸಮಿತಿ ಸಭೆಗೆ ನನ್ನನ್ನೂ ಕರೆದರು. ಉದ್ದದ ಮೇಜು, ಉಪ್ಪಿಟ್ಟು, ಕಾಫಿ. ನರ್ಸಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದರು, ಒಳಗೆ ಬರಲು ಒಪ್ಪಲಿಲ್ಲ. ಡಾಕ್ಟರಮ್ಮ ಹೊಸ ನಕ್ಷೆಯನ್ನು ಮುಂದಿಟ್ಟರು. ಆರು ತಿಂಗಳಾಚೆಗೂ ಗೆರೆ ಏರುತ್ತಿತ್ತು. ಮೊದಲಿನಷ್ಟು ಕಡಿದಾಗಿ ಅಲ್ಲ, ಆದರೆ ಏರುತ್ತಿತ್ತು. ಪ್ರತಿ ತಿಂಗಳ ಕೆಳಗೂ ಎಷ್ಟು ಮಕ್ಕಳ ತೂಕ ಸಿಕ್ಕಿದೆ, ಎಷ್ಟು ಸಿಕ್ಕಿಲ್ಲ ಎಂದು ನಾನು ಅಚ್ಚು ಹಾಕಿಸಿದ್ದೆ.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಆ ಕೆಳಗಿನ ಸಾಲನ್ನೇ ನೋಡಿದರು.

"ಈ ಮಕ್ಕಳದ್ದು ಈಗಲೂ ಗೊತ್ತಿಲ್ಲ?"

"ಇಲ್ಲ ಸಾರ್. ಕೆಲವು ಮನೇಲಿ ಅಜ್ಜೀನೂ ಹತ್ತಲಿಲ್ಲ," ಎಂದೆ.

"ಖಾಲಿ ಬಿಟ್ಟು ವರದಿ ಕೊಟ್ರೆ ಚಂದಾ ಕೊಟ್ಟೋರು ಏನಂತಾರೆ? ಅರ್ಧಂಬರ್ಧ ಅನ್ನಲ್ವಾ?"

"ಸೊನ್ನೆ ತುಂಬ್ಸಿ ಕೊಟ್ಟಿದ್ನಲ್ಲ ಸಾರ್ ಮೊದಲನೇದು. ಅದು ಪೂರ್ತಿ ಇತ್ತು."

ಯಾರೋ ಕೆಮ್ಮಿದರು. ಹೆಡ್ಮಾಸ್ತರಾಗಿದ್ದವರಿಗೆ ಹಾಗೆ ಉತ್ತರ ಕೊಡಬಾರದಿತ್ತೇನೋ. ಆದರೆ ಅವರು ಸಿಟ್ಟಾಗಲಿಲ್ಲ. ನಕ್ಷೆಯನ್ನು ಮಡಿಸಿಟ್ಟರು.

"ನಮ್ಮ ಮನೇಲೂ ಮೊಮ್ಮಗನ್ನ ಕೊಡ್ತಿರ್ಲಿಲ್ಲ," ಎಂದರು ಕೊನೆಗೆ, ಮೇಜಿನ ಕಡೆ ನೋಡುತ್ತಾ. "ನಮ್ಮೋಳು ಹಲ್ಲು ಬರ್ತಿದೆ ಅಂತಿದ್ಲು. ನಾನು ನಿಜ ಅಂದ್ಕೊಂಡಿದ್ದೆ." ಆಮೇಲೆ ಪಕ್ಕದವರಿಗೆ, "ಆಯಮ್ಮ ಇರ್ಲಿ. ಬರ್ಕೊಳಿ," ಎಂದರು.

ಹೊರಗೆ ಬಂದು ವಿಷಯ ಹೇಳಿದೆ. ನರ್ಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರಿಗೋ ಮತ್ತೊಂದಕ್ಕೋ ನಾನು ನೋಡಲು ಹೋಗಲಿಲ್ಲ. ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು.

"ನನ್ನ ಕೆಲಸ ಉಳಿಸ್ದೆ ಅಂತ ಮೆರೀಬೇಡ ರಾಯ. ಉಳಿಸಿದ್ದು ನಿಮ್ಮಮ್ಮ."

"ಗೊತ್ತು ನರ್ಸಮ್ಮ."

"ಗೊತ್ತಿದ್ರೆ ಸರಿ. ಈ ತಿಂಗಳ ಕಾರ್ಡು ನಾಳಿದ್ದು ಕಳಿಸ್ತೀನಿ."

ಅವರು 2006ರವರೆಗೆ ಅದೇ ಕೆಲಸ ಮಾಡಿದರು, ಮಂಡಿನೋವು ಬಂದು ತಾವೇ ಬಿಡುವವರೆಗೆ. ಅಷ್ಟು ವರ್ಷವೂ ಅವರ ಕಾರ್ಡುಗಳನ್ನು ನಾನೇ ಹೊಡೆದೆ. ಆ ಒಂದು ಅಕ್ಷರದ ಕಾಲಮನ್ನು ಆಮೇಲೆ ನಾನು ಮಾಡಿದ ಎಲ್ಲ ಕೆಲಸಕ್ಕೂ ಒಯ್ದೆ, ಸೊಸೈಟಿಯ ಹಾಲಿನ ಲೆಕ್ಕಕ್ಕೆ, ಶಾಲೆಯ ಅಂಕಪಟ್ಟಿಗೆ, ನೀರಿನ ಮೀಟರಿಗೆ. ಯಾಕೆ ಎರಡು ಕಾಲಂ ಎಂದು ಗಿರಾಕಿಗಳು ಕೇಳುತ್ತಾರೆ. ಡಿಗ್ರಿ ಮಾಡಿಕೊಂಡು ಬಂದು ನನ್ನಲ್ಲಿ ಕೆಲಸಕ್ಕೆ ಸೇರಿದವರೂ ಕೇಳಿದ್ದಾರೆ. ಅವರಿಗೆ ಓದಿನಲ್ಲಿ ಇದನ್ನು ಹೇಳಿಕೊಟ್ಟಿರುತ್ತಾರೆ, ನನಗಿಂತ ಒಳ್ಳೆಯ ಹೆಸರುಗಳಿಟ್ಟು. ನಾನು ಈ ಅಜ್ಜಿಯರ ಕತೆ ಹೇಳುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅದೇ ಬೀದಿಯಲ್ಲಿ ಸ್ವಂತದ ಎರಡು ಕೋಣೆ, ಆರು ಕಂಪ್ಯೂಟರು, ನಾಲ್ಕು ಜನ ಕೆಲಸಗಾರರು, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಟೈಪಿಂಗಿನ ಎರಡು ಸರ್ಟಿಫಿಕೇಟು.